ಗಾರ್‌ಫೀಲ್ಡ್ ಶಾಲೆಗೆ ಕ್ಯಾಲ್ಕುಲಸ್ ಬಂದ ಬಗೆ

ಹೈಮೆ ಎಸ್ಕಲಾಂಟೆ 1974ರಲ್ಲಿ ಪೂರ್ವ ಲಾಸ್ ಏಂಜಲಿಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿಗೆ ಮೇಷ್ಟರಾಗಿ ಬಂದಾಗ ಕ್ಯಾಲ್ಕುಲಸ್ ಮಾತು ಹಾಗಿರಲಿ, ಶಾಲೆಯ ಮಾನ್ಯತೆ ಉಳಿಯುವುದೇ ಅನುಮಾನವಾಗಿತ್ತು. ಮಕ್ಕಳಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದ ಕೂಲಿಕಾರ್ಮಿಕರ ಮನೆಯವರು. ಮೇಷ್ಟರೂ ವಲಸೆ ಬಂದವರೇ. ಬೊಲಿವಿಯಾದಲ್ಲಿ ಭೌತಶಾಸ್ತ್ರ, ಗಣಿತ ಕಲಿಸುತ್ತಿದ್ದ ಅವರು ಅಮೆರಿಕಕ್ಕೆ ಬಂದ ಹೊಸದರಲ್ಲಿ ಹೋಟೆಲಿನ ನೆಲ ಒರೆಸಿ, ಇಂಗ್ಲಿಷ್ ಕಲಿತು, ಮತ್ತೆ ಮೊದಲಿನಿಂದ ಡಿಗ್ರಿ ಓದಿದ್ದರು.

ಅವರ ಕಥೆ ಹೇಳುವ 1988ರ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಸಿನಿಮಾ ನೋಡಿದವರಿಗೆ ಎಲ್ಲವೂ ಒಂದೆರಡು ವರ್ಷದಲ್ಲಿ ನಡೆದ ಪವಾಡದಂತೆ ಕಾಣುತ್ತದೆ. ಇದು ಆ ಮೇಷ್ಟರ ದುಡಿಮೆಗೆ ಮಾಡಿದ ಅನ್ಯಾಯ ಎಂದೇ ನನ್ನ ಭಾವನೆ. ಮೊದಲ ಕ್ಯಾಲ್ಕುಲಸ್ ತರಗತಿ ನಡೆದದ್ದು ಅವರು ಸೇರಿ ನಾಲ್ಕು ವರ್ಷವಾದ ಮೇಲೆ. ಕೊನೆಗೆ ಉಳಿದವರು ಐದು ಮಂದಿ. ಕಾಲೇಜು ಮಟ್ಟದ ಎಪಿ ಪರೀಕ್ಷೆ ದಾಟಿದವರು ಇಬ್ಬರು. ಮರುವರ್ಷ ಒಂಬತ್ತರಲ್ಲಿ ಏಳು, 1981ರಲ್ಲಿ ಹದಿನೈದರಲ್ಲಿ ಹದಿನಾಲ್ಕು.

ಇದಕ್ಕಾಗಿ ಬುಡದಿಂದಲೇ ಮೆಟ್ಟಿಲು ಕಟ್ಟಬೇಕಾಯಿತು. ಬೀಜಗಣಿತ ತಪ್ಪಿಹೋದವರಿಗೆ ಈಸ್ಟ್ ಲಾಸ್ ಏಂಜಲಿಸ್ ಕಾಲೇಜಿನಲ್ಲಿ ಬೇಸಿಗೆ ತರಗತಿ, ಶಾಲೆಯ ಗಂಟೆಗೆ ಮೊದಲೂ ಆಮೇಲೂ ಪಾಠ, ಅಪ್ಪ ಅಮ್ಮಂದಿರ ಜೊತೆ ಮಾತುಕತೆ. ಬೆನ್ ಹಿಮೆನೆಸ್ ಎಂಬ ಸಹೋದ್ಯೋಗಿ ಜೊತೆಗೆ ನಿಂತರು.

1982ರಲ್ಲಿ ಹದಿನೆಂಟು ಮಕ್ಕಳು ಪಾಸಾದರು. ಆರನೇ ಪ್ರಶ್ನೆಯ ಉತ್ತರಗಳಲ್ಲಿ ಒಂದೇ ಬಗೆಯ ತಪ್ಪಿದೆ ಎಂದು ಪರೀಕ್ಷಾ ಸಂಸ್ಥೆ ಹದಿನಾಲ್ಕು ಮಕ್ಕಳ ಮೇಲೆ ಅನುಮಾನಪಟ್ಟಿತು. ಹನ್ನೆರಡು ಮಂದಿ ಮತ್ತೆ ಕುಳಿತು ಬರೆದರು, ಹನ್ನೆರಡೂ ಮಂದಿ ಪಾಸಾದರು. ಮುಂದಿನ ವರ್ಷಗಳಲ್ಲಿ ತರಗತಿ ತುಂಬತೊಡಗಿತು. ತಮ್ಮದೇ ಬೀದಿಯ ಹುಡುಗನೊಬ್ಬ ದಾಟಿದ್ದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಇದೇ ಶಾಲೆಯಲ್ಲಿ ಎಸ್ಕಲಾಂಟೆಯವರ ಬಳಿ ಕಲಿತ ಎರಿಕಾ ಕಮಾಚೊ ಮುಂದೆ ಗಣಿತಜ್ಞೆಯಾಗಿ, ಕಣ್ಣಿನ ಅಕ್ಷಿಪಟಲದ ಕೋಶಗಳು ಸಾಯುವ ಬಗೆಯನ್ನು ಸಮೀಕರಣಗಳಲ್ಲಿ ಹುಡುಕಿದರು.

ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಬೆಳೆದ ಹೊಸೆ ಹೆರ್ನಾಂಡೆಸ್ ಅವರದೂ ಇಂಥದೇ ದಾರಿ. ಬೆಳೆಯ ಹಿಂದೆ ಊರೂರು ಅಲೆಯುತ್ತಿದ್ದ ತಂದೆತಾಯಿಯನ್ನು ಒಂದೇ ಕಡೆ ನೆಲೆಸುವಂತೆ ಒಪ್ಪಿಸಿದ್ದು ಎರಡನೇ ತರಗತಿಯ ಟೀಚರ್. ಹತ್ತರ ಹುಡುಗ ಟಿವಿಯಲ್ಲಿ ಚಂದ್ರನ ಮೇಲೆ ನಡೆದವರನ್ನು ಕಂಡು ಆಸೆಪಟ್ಟಿದ್ದು ನಿಜ. ಆದರೆ ಶಾಲೆ ತಪ್ಪದೆ ನಡೆದದ್ದರಿಂದಲೇ ಆ ಆಸೆ ಎಂಜಿನಿಯರಿಂಗ್‌ವರೆಗೆ ಬಂತು. 2009ರಲ್ಲಿ ಅವರು ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದರು.

ಗಾರ್‌ಫೀಲ್ಡ್‌ನಲ್ಲಿ ಎಸ್ಕಲಾಂಟೆಯವರ ಬೆನ್ನಿಗಿದ್ದ ಪ್ರಿನ್ಸಿಪಾಲ್ ಹೆನ್ರಿ ಗ್ರಾಡಿಯಾಸ್ 1987ರ ಹೊತ್ತಿಗೆ ಶಾಲೆ ಬಿಟ್ಟರು. 1991ರಲ್ಲಿ ಎಸ್ಕಲಾಂಟೆ ಕೂಡ ಹೊರಟರು. ಕೆಲವೇ ವರ್ಷಗಳಲ್ಲಿ ಪಾಸಾಗುವವರ ಸಂಖ್ಯೆ ಕುಸಿಯಿತು. ಮಕ್ಕಳು ಅದೇ ಬೀದಿಗಳಿಂದ, ಅಂಥವೇ ಮನೆಗಳಿಂದ ಬರುತ್ತಿದ್ದರು.