ಬೋರ್ಡಿಗಿಂತ ಬಿಲ್ಲು ದೊಡ್ಡದು

ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಮಿಕ್ಸಿ ಮಾರುವ ಅಂಗಡಿ, ಎಲ್ಲಿಗೇ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ: 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ, ಬದಲಾಯಿಸಿ ಕೊಡುವುದಿಲ್ಲ.' ಲಕ್ಷ್ಮಿಯ ಪಟದ ಪಕ್ಕದಲ್ಲೇ ತೂಗುವುದರಿಂದಲೋ ಏನೋ, ಗಿರಾಕಿಗಳು ಅದನ್ನೇ ಕಾನೂನೆಂದು ನಂಬಿಬಿಟ್ಟಿದ್ದಾರೆ. ಕಾನೂನು ಹೇಳುವುದೇ ಬೇರೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿಯನ್ನೇ ಬರೆಯದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಸಂಸತ್ತು ಮಾಡಿದ ಕಾಯ್ದೆಯನ್ನು ಪೇಂಟರ್ ಬರೆದ ಎರಡು ಸಾಲು ರದ್ದು ಮಾಡಲಾರದು.

ವ್ಯಾಪಾರಿಗಳ ಆಕ್ಷೇಪವೂ ಇದೆ. ಮದುವೆಗೆ ಉಟ್ಟು ಮೆರೆದ ಸೀರೆಯನ್ನು ಮಡಿಸಿ ಮಾರನೆಯ ದಿನ ತಂದುಕೊಟ್ಟರೆ ಅಂಗಡಿ ನಡೆಯುವುದು ಹೇಗೆ? ನ್ಯಾಯವಾದ ಪ್ರಶ್ನೆಯೇ. ಆದರೆ ಕಾಯ್ದೆ ಮಾತಾಡುವುದು ದೋಷದ ಬಗ್ಗೆ, ಮನಸ್ಸು ಬದಲಾದ ಬಗ್ಗೆ ಅಲ್ಲ. ಬಣ್ಣ ಮನೆಯವರಿಗೆ ಒಪ್ಪಿಗೆಯಾಗಲಿಲ್ಲ, ಅಳತೆ ನೋಡದೆ ತಂದೆವು ಎಂದರೆ ಬದಲಾಯಿಸಿ ಕೊಡುವುದು ಅಂಗಡಿಯವರ ಸೌಜನ್ಯ. ಅದನ್ನು ಹಕ್ಕೆಂದು ಕೇಳುವಂತಿಲ್ಲ. ಮೊದಲ ಒಗೆತಕ್ಕೇ ಹೊಲಿಗೆ ಬಿಟ್ಟ ಅಂಗಿಯ ಮಾತು ಬೇರೆ. ಬೋರ್ಡು ಮಾಡುವ ಕಿತಾಪತಿ ಇದೇ, ಎರಡನ್ನೂ ಒಂದೇ ಗಂಟಿಗೆ ಕಟ್ಟುವುದು.

'ಮುನ್ನೂರು ರೂಪಾಯಿ ಚಪ್ಪಲಿಗಾಗಿ ಕೋರ್ಟು ಹತ್ತುವವರಾರು?' ಎನ್ನುವ ಮಾತು ವ್ಯಾಪಾರಿಗಳ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಕಾಯ್ದೆ ಇದಕ್ಕೂ ಅಷ್ಟಿಷ್ಟು ದಾರಿ ಮಾಡಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಕೊಂಡ ವಸ್ತುವಿನ ದೂರನ್ನು ವಾಸವಿರುವ ಕಲಬುರಗಿಯಲ್ಲೇ ಕೊಡಬಹುದು. ದೂರು ಕೊಡಲು ಎರಡು ವರ್ಷದ ಗಡುವಿದೆ. ಆದರೂ ಪ್ರಕರಣಗಳು ಎಳೆದಾಡುತ್ತವೆ ಎಂಬುದು ಸುಳ್ಳಲ್ಲ. ಆದ್ದರಿಂದ ಮೊದಲು 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡುವುದು ಜಾಣತನ. ಆಯೋಗದವರೆಗೆ ಹೋಗದೆಯೇ ರಾಜಿಗೆ ಅಲ್ಲಿ ಅವಕಾಶವಿದೆ.

ಇಷ್ಟೆಲ್ಲಕ್ಕೂ ಆಧಾರ ಬಿಲ್ಲು. 'ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತದೆ' ಎಂದಾಗ ನಾವೇ ಬೇಡವೆನ್ನುತ್ತೇವೆ. ಮೊಬೈಲ್‌ನಲ್ಲಿ ಹಣ ಕಳಿಸಿದ ದಾಖಲೆ ಎಷ್ಟು ಹೋಯಿತೆಂದು ಹೇಳೀತು, ಯಾವ ವಸ್ತುವಿಗೆ ಎಂದು ಹೇಳದು. ಕೇಳಿದರೂ ಬಿಲ್ಲು ಕೊಡದಿರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಕೇಳಿ ಪಡೆಯಿರಿ.