ಮಂಗನ ಕಾಯಿಲೆ ಹಿಡಿದುಕೊಡುವ ಹಸಿರು ಬೆಳಕು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಇದು ಹೊಸ ವೈರಸ್ಸು, ಹರಡುವುದು ಉಣುಗು ಎಂದು ಪತ್ತೆ ಹಚ್ಚಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಆಗೆಲ್ಲ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೆಯೇ ಎಂದು ದಿನಗಟ್ಟಲೆ ಕಾಯಬೇಕಿತ್ತು. ಅದೇ ಸಂಸ್ಥೆ 2012ರಲ್ಲಿ ಪ್ರಕಟಿಸಿದ ರಿಯಲ್ ಟೈಮ್ ಪಿಸಿಆರ್ ಪರೀಕ್ಷೆಗೆ ಕೆಲವು ಗಂಟೆ ಸಾಕು.

ಇದರ ಜೀವಾಳ ‘ಪ್ರೋಬ್’ ಎಂಬ ಡಿಎನ್‌ಎ ತುಣುಕು. ಉದ್ದ ಸುಮಾರು 20ರಿಂದ 30 ಅಕ್ಷರ. ವೈರಸ್ಸಿನ ಒಂದು ಸಾಲಿಗೆ ಮಾತ್ರ ಜೋಡಿಯಾಗುವಂತೆ ಅದನ್ನು ಹೆಣೆದಿರುತ್ತಾರೆ. ಒಂದು ತುದಿಯಲ್ಲಿ ಹೊಳೆಯುವ ಬಣ್ಣದ ಅಣು, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ಹೀರುವ ಅಣು. ನೀಲಿ ಬೆಳಕು ಬಿಟ್ಟರೂ ಹಸಿರು ಹೊರಬರುವುದಿಲ್ಲ. ಕೆಲವೇ ನ್ಯಾನೋಮೀಟರ್ ದೂರದಲ್ಲಿರುವ ನೆರೆಯ ಅಣು ಆ ಶಕ್ತಿಯನ್ನು ಸೆಳೆದುಕೊಂಡುಬಿಡುತ್ತದೆ.

ಮಂಗನ ಕಾಯಿಲೆಯ ವೈರಸ್ಸಿನದು ಆರ್‌ಎನ್‌ಎ. ಮೊದಲು ಅದನ್ನು ಡಿಎನ್‌ಎಗೆ ನಕಲು ಮಾಡುತ್ತಾರೆ. 95 ಡಿಗ್ರಿಗೆ ಕಾಯಿಸಿದಾಗ ಎಳೆಗಳು ಬಿಡುತ್ತವೆ. 60ರ ಆಸುಪಾಸಿಗೆ ಇಳಿದಾಗ ಪ್ರೋಬ್ ತನ್ನ ಸಾಲಿಗೆ ಕೂರುತ್ತದೆ. ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದ ಟ್ಯಾಕ್ ಕಿಣ್ವ ಹೊಸ ಎಳೆ ಕಟ್ಟುತ್ತ ಸಾಗಿ, ದಾರಿಗೆ ಅಡ್ಡ ಕೂತ ಪ್ರೋಬನ್ನು ಕತ್ತರಿಸಿ ಹಾಕುತ್ತದೆ. ಬಣ್ಣದ ಅಣು ಬಿಡುಗಡೆಯಾಗಿ ಹಸಿರಾಗಿ ಹೊಳೆಯುತ್ತದೆ. ವೈರಸ್ಸೇ ಇಲ್ಲದಿದ್ದರೆ ಪ್ರೋಬ್ ಕೂರುವುದಿಲ್ಲ, ಕತ್ತರಿ ಬೀಳುವುದಿಲ್ಲ, ಬೆಳಕೂ ಇಲ್ಲ. ನಕಲಿಗೆ ಚಾಲನೆ ಕೊಡುವ ಬೇರೆ ಡಿಎನ್‌ಎ ತುಣುಕುಗಳು ಎಲ್ಲೋ ತಪ್ಪಿ ಅಂಟಿಕೊಂಡರೂ ಪ್ರೋಬ್ ಒಪ್ಪದೆ ಯಂತ್ರಕ್ಕೆ ಏನೂ ಕಾಣದು. ಈ ಪರೀಕ್ಷೆಯನ್ನು ನಂಬಬಹುದಾದದ್ದು ಮುಖ್ಯವಾಗಿ ಇದರಿಂದ.

ಹೀಗೆ ಕಾಯಿಸಿ ತಣಿಸುವ ಪ್ರತಿ ಸುತ್ತಿಗೂ ನಕಲು ಇಮ್ಮಡಿ. ಲೆಕ್ಕದ ಪ್ರಕಾರ 40 ಸುತ್ತಿನಲ್ಲಿ ಒಂದು ಎಳೆ ಲಕ್ಷ ಕೋಟಿ ದಾಟುತ್ತದೆ. ಬೆಳಕು ಎಷ್ಟು ಬೇಗ ಕಂಡಿತೋ ರಕ್ತದಲ್ಲಿ ವೈರಸ್ಸು ಅಷ್ಟು ಹೆಚ್ಚು. 2020ರ ಮಾರ್ಚಿನಲ್ಲಿ ಪುಣೆಯ ಮೈಲ್ಯಾಬ್ ಕಂಪನಿ ಕೋವಿಡ್ ಪತ್ತೆಗೆ ತಯಾರಿಸಿದ ಕಿಟ್ಟೂ ರಿಯಲ್ ಟೈಮ್ ಪಿಸಿಆರ್ ಜಾತಿಯದೇ.

ರಕ್ತದಲ್ಲಿ ಇಲ್ಲದ ವೈರಸ್ಸನ್ನು ಮಾತ್ರ ಯಾವ ಪ್ರೋಬೂ ತೋರಿಸಲಾರದು. ಮಂಗನ ಕಾಯಿಲೆಯಲ್ಲಿ ವೈರಸ್ಸು ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಆಮೇಲೆ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯನ್ನೇ ನೆಚ್ಚಬೇಕು. ಮಲೆನಾಡಿನವರೇ, ಡಿಸೆಂಬರಿನಿಂದ ಮೇವರೆಗೆ ಸೌದೆಗೋ ದರಕಿಗೋ ಕಾಡಿಗೆ ಹೋಗಿಬಂದ ಮೇಲೆ ಜ್ವರ ಕಂಡರೆ, ಮಾತ್ರೆ ನುಂಗಿ ನಾಲ್ಕು ದಿನ ನೋಡೋಣ ಎನ್ನಬೇಡಿ. ಕೂಡಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ.