ಬೆರಳಚ್ಚು ಯಂತ್ರಗಳಿಗೆ ತಯಾರಕರ ಬೆಂಬಲ ಬದಲಾದಾಗ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ನ್ಯಾಯಬೆಲೆ ಅಂಗಡಿ, ಗ್ರಾಮ ಒನ್ ಕೇಂದ್ರ, ಗ್ರಾಮ ಪಂಚಾಯತಿಯ ಬಾಪೂಜಿ ಸೇವಾ ಕೇಂದ್ರ, ಅಂಚೆ ಕಛೇರಿ ಹಾಗೂ ಬ್ಯಾಂಕ್ ಮಿತ್ರರ ಬಳಿ ಸೇವೆ ಪಡೆಯಲು ಬರುವ ಸಾರ್ವಜನಿಕರು ಅಂಗೈಯಗಲದ ಒಂದು ಸಣ್ಣ ಯಂತ್ರದ ಮೇಲೆ ಬೆರಳಿಡಬೇಕಾಗುತ್ತದೆ. ಜನರ ಬಾಯಲ್ಲಿ ಇದು ‘ತಂಬು ಕೊಡುವುದು’. ಕೆಲವರಿಗೆ ಮೊದಲ ಪ್ರಯತ್ನದಲ್ಲೇ ಹಸಿರು ದೀಪ ಉರಿಯುತ್ತದೆ. ಇನ್ನು ಕೆಲವರಿಗೆ ಐದಾರು ಬಾರಿ ಒತ್ತಿದರೂ ‘ನಿಮ್ಮ ಬೆರಳು ಬರುತ್ತಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಈ ಉತ್ತರ ಎಲ್ಲ ಸಂದರ್ಭಗಳಲ್ಲಿಯೂ ಸರಿಯಾದುದಲ್ಲ. ದೋಷವು ಅರ್ಜಿದಾರರ ಬೆರಳಿನಲ್ಲಿರಬಹುದು, ಯಂತ್ರದಲ್ಲಿರಬಹುದು, ಅಥವಾ ಯಂತ್ರಕ್ಕೆ ತಯಾರಕ ಸಂಸ್ಥೆಯಿಂದ ದೊರೆಯಬೇಕಾದ ಬೆಂಬಲ ಸೇವೆಯ ಅವಧಿ ಮುಗಿದಿರುವುದರಲ್ಲಿಯೂ ಇರಬಹುದು. ಇವುಗಳ ವ್ಯತ್ಯಾಸವನ್ನು ತಿಳಿದಿರುವ ಅರ್ಜಿದಾರರು ಅನಾವಶ್ಯಕವಾಗಿ ಆಧಾರ್ ತಿದ್ದುಪಡಿಗೆಂದು ಅಲೆಯುವುದು ತಪ್ಪುತ್ತದೆ.

ಯಂತ್ರ ಕೆಲಸ ಮಾಡುವ ಬಗೆ

ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಯಂತ್ರವು ಕೇವಲ ಚಿತ್ರ ತೆಗೆಯುವ ಉಪಕರಣವಲ್ಲ. ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 2017ರಲ್ಲಿ ‘ನೋಂದಾಯಿತ ಸಾಧನ’ ಎಂಬ ಪದ್ಧತಿಯನ್ನು ಜಾರಿಗೆ ತಂದಿತು. ಅದರಂತೆ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಇರುತ್ತದೆ. ತೆಗೆದ ಬೆರಳಚ್ಚನ್ನು ಅಲ್ಲಿಯೇ ಗೂಢಲಿಪಿಗೆ ಬದಲಾಯಿಸಿ, ಯಂತ್ರದ ಡಿಜಿಟಲ್ ಸಹಿಯೊಂದಿಗೆ ಪ್ರಾಧಿಕಾರಕ್ಕೆ ಕಳುಹಿಸಲಾಗುತ್ತದೆ. ಸಹಿಯ ಪ್ರಮಾಣಪತ್ರವನ್ನು ನವೀಕರಿಸುವ ಹೊಣೆ ಯಂತ್ರ ತಯಾರಿಸಿದ ಸಂಸ್ಥೆಯ ಸರ್ವರಿನದು. ಈ ಸೇವೆಯನ್ನು ವ್ಯವಹಾರದಲ್ಲಿ ‘ಆರ್‌ಡಿ ಸರ್ವಿಸ್’ ಎನ್ನುತ್ತಾರೆ. ಇದಕ್ಕೆ ಅವಧಿಯಿದ್ದು, ಅವಧಿ ಮುಗಿದ ಬಳಿಕ ಶುಲ್ಕ ತೆತ್ತು ನವೀಕರಿಸಿಕೊಳ್ಳಬೇಕಾಗುತ್ತದೆ. ನವೀಕರಿಸದಿದ್ದಲ್ಲಿ ಯಂತ್ರ ಹೊಸದರಂತೆ ಕಂಡರೂ, ದೀಪ ಉರಿದರೂ, ಆಧಾರ್ ಕೆಲಸಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯ ಬದಲಾವಣೆ ಇನ್ನೂ ದೊಡ್ಡದು. ಮೊದಲು ಬಳಕೆಯಲ್ಲಿದ್ದ ಯಂತ್ರಗಳನ್ನು ‘ಎಲ್0’ ದರ್ಜೆಯವೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಗೂಢಲಿಪಿಯ ಕೀಲಿಯು ಯಂತ್ರ ಜೋಡಿಸಿದ ಕಂಪ್ಯೂಟರಿನ ತಂತ್ರಾಂಶದ ಮಟ್ಟದಲ್ಲಿ ರಕ್ಷಿತವಾಗಿರುತ್ತಿತ್ತು. ‘ಎಲ್1’ ದರ್ಜೆಯ ಯಂತ್ರಗಳಲ್ಲಿ ಈ ಕೆಲಸ ಯಂತ್ರದೊಳಗಿನ ಚಿಪ್ಪಿನ ಪ್ರತ್ಯೇಕ ಸುರಕ್ಷಿತ ಭಾಗದಲ್ಲಿಯೇ ನಡೆಯುತ್ತದೆ. ಆದುದರಿಂದ ನಡುವೆ ಬೆರಳಚ್ಚನ್ನು ಕದಿಯುವುದು ಹಾಗೂ ಕೃತಕ ಬೆರಳಚ್ಚನ್ನು ಸೇರಿಸುವುದು ಕಷ್ಟ. ಪ್ರಾಧಿಕಾರವು ಎಲ್0 ಯಂತ್ರಗಳನ್ನು ಹಂತಹಂತವಾಗಿ ಕೈಬಿಟ್ಟು ಎಲ್1 ಕಡೆಗೆ ಸಾಗುವಂತೆ ಸೂಚಿಸಿದ ಕಾರಣ, ಬಹಳಷ್ಟು ಕೇಂದ್ರಗಳು ಕೆಟ್ಟುಹೋಗದ ಯಂತ್ರಗಳನ್ನೇ ಬದಿಗಿಟ್ಟು ಹೊಸದನ್ನು ಕೊಳ್ಳಬೇಕಾಯಿತು. ಉದಾಹರಣೆಗೆ, ಮಂತ್ರ ಸಂಸ್ಥೆಯ ಎಂಎಫ್‌ಎಸ್ 100 ಎಂಬುದು ಎಲ್0 ದರ್ಜೆಯದು. ಅದರ ಸ್ಥಾನದಲ್ಲಿ ಬಂದ ಎಂಎಫ್‌ಎಸ್ 110 ಎಲ್1 ದರ್ಜೆಯದು. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ ಅರ್ಜಿದಾರರಿಗೆ ವ್ಯತ್ಯಾಸ ತಿಳಿಯುವುದು ಸುಲಭವಲ್ಲ. ಹಲವೆಡೆ ಇಂದಿಗೂ ‘ಮಾರ್ಫೋ’ ಎಂದೇ ಕರೆಯಲ್ಪಡುವ ಯಂತ್ರದ ತಯಾರಕ ಸಂಸ್ಥೆ 2017ರಲ್ಲಿ ಒಡೆತನ ಬದಲಾಗಿ ಐಡೆಮಿಯಾ ಎಂಬ ಹೆಸರು ಪಡೆದಿದೆ. ಯಂತ್ರದ ಮೇಲಿನ ಹೆಸರು ಒಂದು, ಬೆಂಬಲ ನೀಡುವ ಸಂಸ್ಥೆಯ ಹೆಸರು ಇನ್ನೊಂದು ಎಂಬ ಗೊಂದಲಕ್ಕೆ ಇದೂ ಒಂದು ಕಾರಣ.

ಇಂತಹ ಪರಿಸ್ಥಿತಿ ಬೆರಳಚ್ಚು ಯಂತ್ರಕ್ಕೆ ಮಾತ್ರ ಸೀಮಿತವಲ್ಲ. ವಿಂಡೋಸ್ 10 ಕಾರ್ಯಾಚರಣಾ ತಂತ್ರಾಂಶಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿತು. ಕಾರ್ಖಾನೆ ಹಾಗೂ ತರಬೇತಿ ಕೇಂದ್ರಗಳಲ್ಲಿ ತಲೆಗೆ ಧರಿಸಿ ಬಳಸುವ ಹೋಲೋಲೆನ್ಸ್ 2 ಎಂಬ ದೃಶ್ಯ ಸಾಧನದ ಉತ್ಪಾದನೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ 2024ರಲ್ಲಿ ನಿಲ್ಲಿಸಿತು. ಸುರಕ್ಷತಾ ಪರಿಷ್ಕರಣೆಗಳನ್ನು 2027ರ ಅಂತ್ಯದವರೆಗೆ ಮಾತ್ರ ನೀಡುವುದಾಗಿ ತಿಳಿಸಿತು. ಸಾವಿರಾರು ರೂಪಾಯಿಯ ಬೆರಳಚ್ಚು ಯಂತ್ರವಾಗಲಿ, ಲಕ್ಷಾಂತರ ರೂಪಾಯಿಯ ಸಾಧನವಾಗಲಿ, ಕೊಂಡವರ ದಾಸ್ತಾನು ವಹಿಯಲ್ಲಿ ಅದು ಆಸ್ತಿಯಾಗಿ ಉಳಿದಿರುತ್ತದೆ, ಆದರೆ ಅದರ ಉಪಯೋಗದ ಅವಧಿಯನ್ನು ತಯಾರಕರು ತೀರ್ಮಾನಿಸುತ್ತಾರೆ. ಯಂತ್ರದ ಬೆಲೆಯೊಂದನ್ನೇ ನೋಡಿ ಕೊಳ್ಳುವ ಪದ್ಧತಿ ಈ ಕಾರಣದಿಂದ ಸರಿಯಾದುದಲ್ಲ. ಎಷ್ಟು ವರ್ಷ ಬೆಂಬಲ ದೊರೆಯುವುದೆಂಬುದೂ ಬೆಲೆಯ ಭಾಗವೇ ಆಗಿದೆ.

ಬೆರಳಿನ ದೋಷವೇ, ಯಂತ್ರದ ದೋಷವೇ

ದೃಢೀಕರಣ ವಿಫಲವಾದಾಗ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಅದನ್ನು ಓದಿ ಹೇಳುವಂತೆ ಕೇಂದ್ರದ ನಿರ್ವಾಹಕರನ್ನು ಕೇಳಲು ಅರ್ಜಿದಾರರು ಸಂಕೋಚಪಡಬೇಕಾಗಿಲ್ಲ. 300 ಎಂದಿದ್ದಲ್ಲಿ, ಬೆರಳಚ್ಚು ಪ್ರಾಧಿಕಾರವನ್ನು ತಲುಪಿದೆ, ಆದರೆ ದಾಖಲೆಯಲ್ಲಿರುವುದರೊಂದಿಗೆ ಹೊಂದಿಕೆಯಾಗಿಲ್ಲ ಎಂದರ್ಥ. 330 ಎಂದಿದ್ದಲ್ಲಿ ಬೆರಳಿಗೆ ಏನೂ ಆಗಿಲ್ಲ. ಅರ್ಜಿದಾರರೇ ಅಥವಾ ಅವರ ಪರವಾಗಿ ಮನೆಯವರು ಬಯೋಮೆಟ್ರಿಕ್ ಲಾಕ್ ಮಾಡಿಸಿದ್ದಾರೆ, ಅದನ್ನು ತೆರೆದರೆ ಸಾಕು. 811 ಎಂದಿದ್ದಲ್ಲಿ ಸದರಿ ಆಧಾರ್ ಸಂಖ್ಯೆಗೆ ಬೆರಳಚ್ಚಿನ ದಾಖಲೆಯೇ ಇಲ್ಲ. ಇವರು ಆಧಾರ್ ಕೇಂದ್ರಕ್ಕೆ ಹೋಗಲೇಬೇಕು.

ಆದರೆ ಸಂಖ್ಯೆಯು 700, 720, 730 ಅಥವಾ 740 ಆಗಿದ್ದಲ್ಲಿ ವಿಷಯ ಬೇರೆ. 700 ಎಂದರೆ ನಿಗದಿತ ಸಮಯದೊಳಗೆ ಬೆರಳಚ್ಚು ಸೆರೆಯಾಗಲಿಲ್ಲ. 720 ಎಂದರೆ ಯಂತ್ರ ಸಿದ್ಧವಾಗಿಲ್ಲ. 730 ಎಂದರೆ ಚಿತ್ರ ತೆಗೆಯುವುದೇ ವಿಫಲವಾಗಿದೆ. 740 ಎಂದರೆ ಯಂತ್ರವನ್ನು ಮತ್ತೆ ಆರಂಭದಿಂದ ಸಜ್ಜುಗೊಳಿಸಬೇಕಾಗಿದೆ. ಇವು ಯಂತ್ರದ ಕಡೆಯಿಂದಲೇ ಬರುವ ಸಂದೇಶಗಳು; ಇಂತಹ ಪ್ರಯತ್ನದಲ್ಲಿ ಅರ್ಜಿದಾರರ ಬೆರಳಚ್ಚು ಪ್ರಾಧಿಕಾರದವರೆಗೆ ಹೋಗಿಯೇ ಇರುವುದಿಲ್ಲ. ಈ ಸಂಖ್ಯೆಗಳನ್ನು ಕಂಡ ನಂತರವೂ ‘ಆಧಾರ್ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ’ ಎಂದು ಅರ್ಜಿದಾರರನ್ನು ಕಳುಹಿಸುವುದು ಸಮಂಜಸವಲ್ಲ. 2025ರ ಅಕ್ಟೋಬರ್ 1ರಿಂದ ವಯಸ್ಕರ ಬಯೋಮೆಟ್ರಿಕ್ ಪರಿಷ್ಕರಣೆಗೆ 125 ರೂಪಾಯಿ ಶುಲ್ಕವಿದೆ. ಅದರ ಮೇಲೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ನಾರಾವಿ, ನೆರಿಯ, ಶಿಶಿಲದಂತಹ ಊರುಗಳಿಂದ ಬೆಳ್ತಂಗಡಿಗೆ, ಕನ್ಯಾನ, ಕರೋಪಾಡಿಯಿಂದ ಬಿ.ಸಿ.ರೋಡಿಗೆ ಹೋಗಿ ಬರುವವರಿಗೆ ಅದು ಸಣ್ಣ ಮೊತ್ತವಲ್ಲ.

ನಿರ್ವಾಹಕರ ಮಾತಿನ ಬಗ್ಗೆ ಸಂದೇಹವಿದ್ದಲ್ಲಿ ಪರಿಶೀಲಿಸಿಕೊಳ್ಳಲು ಅವಕಾಶವಿದೆ. ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಿಸಿರುವವರು ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ 6 ತಿಂಗಳ ದೃಢೀಕರಣದ ವಿವರವನ್ನು ನೋಡಬಹುದು. ದಿನಾಂಕ, ವೇಳೆ, ಫಲಿತಾಂಶ ಮತ್ತು ದೋಷಸಂಖ್ಯೆ ಅದರಲ್ಲಿ ದೊರೆಯುತ್ತವೆ. ಪ್ರಯತ್ನ ಮಾಡಿದ ದಿನ ಆ ಪಟ್ಟಿಯಲ್ಲಿ ಯಾವ ನಮೂದೂ ಇಲ್ಲವೆಂದಾದರೆ, ಬೆರಳಚ್ಚು ಕೇಂದ್ರದಿಂದ ಹೊರಗೆ ಹೋಗಿಲ್ಲವೆಂದು ತಿಳಿಯಬಹುದು.

ಈ ಭಾಗದ ಕೆಲಸಗಾರರ ಬೆರಳುಗಳು

ಬೆರಳಿನ ದೋಷ ಎಂಬುದು ಈ ಮೂರು ತಾಲ್ಲೂಕುಗಳಲ್ಲಿ ಕಡಿಮೆಯೇನೂ ಅಲ್ಲ ಎಂಬುದನ್ನೂ ಒಪ್ಪಬೇಕು. ಇಲ್ಲಿಯ ಬಹಳಷ್ಟು ಮನೆಗಳಲ್ಲಿ ಮಹಿಳೆಯರು ಹತ್ತಿಪ್ಪತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ಎಲೆ ಸುರುಳಿ ಸುತ್ತುವಾಗ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯೇ ದಿನವಿಡೀ ಉಜ್ಜಲ್ಪಡುತ್ತದೆ. ಯಂತ್ರವು ಓದುವುದೂ ಅದೇ ಭಾಗವನ್ನು. ಅಡಿಕೆ ಸುಲಿಯುವವರು, ಮಳೆಗಾಲದಲ್ಲಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಕಲಸುವವರು, ರಬ್ಬರ್ ಹಾಲಿಗೆ ಆಸಿಡ್ ಬೆರೆಸುವವರು, ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವವರು, ಕೆಂಪುಕಲ್ಲಿನ ಕೋರೆ ಹಾಗೂ ಸಿಮೆಂಟಿನ ಕೆಲಸದವರು, ಇವರೆಲ್ಲರ ಬೆರಳಿನ ಗೆರೆಗಳು ಸವೆಯುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಗೆರೆಗಳು ಇನ್ನೂ ಅಸ್ಪಷ್ಟವಾಗುತ್ತವೆ. ಎಂದರೆ, ಯಂತ್ರದ ಮೇಲೆ ಹೆಚ್ಚು ಅವಲಂಬಿತರಾದವರ ಬೆರಳೇ ಯಂತ್ರಕ್ಕೆ ಕಡಿಮೆ ಒಗ್ಗುತ್ತದೆ.

ಆಧಾರ್ ನೋಂದಣಿಯಲ್ಲಿ ಹತ್ತೂ ಬೆರಳುಗಳ ಅಚ್ಚನ್ನು ತೆಗೆದಿರುವುದರಿಂದ ಯಾವ ಬೆರಳನ್ನಾದರೂ ಕೊಡಬಹುದು. ಬೀಡಿ ಕಟ್ಟುವವರಿಗೆ ಉಂಗುರ ಬೆರಳು ಅಥವಾ ಎಡಗೈಯ ಬೆರಳು ಹೊಂದಿಕೆಯಾಗುವ ಸಂಭವ ಹೆಚ್ಚು. ತಂಬಾಕಿನ ಪುಡಿ, ಅಡಿಕೆಯ ಚೊಗರು ಹೋಗುವಂತೆ ಸಾಬೂನಿನಲ್ಲಿ ಕೈ ತೊಳೆದು ಒರೆಸಿಕೊಳ್ಳತಕ್ಕದ್ದು. ತೀರ ಒಣಗಿದ ಬೆರಳನ್ನು ಒದ್ದೆ ಬಟ್ಟೆಯಿಂದ ಸ್ವಲ್ಪ ತೇವಗೊಳಿಸಬಹುದು. ಮಳೆಯಲ್ಲಿ ನೆನೆದು ಸುಕ್ಕಾದ ಬೆರಳಾದರೆ ಸ್ವಲ್ಪ ಹೊತ್ತು ಕಾಯುವುದೇ ಲೇಸು. ಯಂತ್ರದ ಗಾಜಿನ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳುವುದು ಹಾಗೂ ಗಾಜನ್ನು ಒರೆಸುವುದು ನಿರ್ವಾಹಕರ ಕರ್ತವ್ಯ.

ಬೆರಳಚ್ಚು ಸಾಧ್ಯವಾಗದಿದ್ದಲ್ಲಿ

ಬೆರಳಚ್ಚೇ ಏಕಮಾತ್ರ ದಾರಿಯಲ್ಲ. ಕಣ್ಣಿನ ಪಾಪೆ, ಮುಖ ಗುರುತಿಸುವಿಕೆ ಮತ್ತು ಮೊಬೈಲಿಗೆ ಬರುವ ಒಟಿಪಿ ಇವು ಆಧಾರ್ ದೃಢೀಕರಣದ ಇತರ ವಿಧಾನಗಳು. ಯಾವ ಸೇವೆಗೆ ಯಾವುದು ಲಭ್ಯವೆಂಬುದು ಆಯಾ ತಂತ್ರಾಂಶವನ್ನು ಅವಲಂಬಿಸಿದೆ. ಪಡಿತರ ಪಡೆಯುವಾಗ ಒಬ್ಬರ ಬೆರಳು ಹೊಂದದಿದ್ದಲ್ಲಿ ಚೀಟಿಯಲ್ಲಿರುವ ಇನ್ನೊಬ್ಬ ಸದಸ್ಯರು ಬೆರಳು ಕೊಡಬಹುದು; ಆದರೆ ಇ-ಕೆವೈಸಿ ಮಾಡುವಾಗ ಪ್ರತಿ ಸದಸ್ಯರೂ ತಮ್ಮದನ್ನೇ ಕೊಡಬೇಕು. ಒಂದು ಅಂಗಡಿಯ ಯಂತ್ರ ಸ್ಥಗಿತಗೊಂಡಿದ್ದಲ್ಲಿ ಪೋರ್ಟಬಿಲಿಟಿ ಸೌಲಭ್ಯದಡಿ ಬೇರೆ ನ್ಯಾಯಬೆಲೆ ಅಂಗಡಿಯಿಂದಲೂ ಪಡಿತರ ಪಡೆಯಬಹುದಾಗಿದೆ.

ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ. ಕೇಂದ್ರ ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆಯು 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ನೀಡಿದ ನಿರ್ದೇಶನದ ಪ್ರಕಾರ, ಜಾಲಸಂಪರ್ಕದ ತೊಂದರೆ, ಬೆರಳಚ್ಚಿನ ಅಸ್ಪಷ್ಟತೆ ಅಥವಾ ಇತರ ತಾಂತ್ರಿಕ ಕಾರಣದಿಂದ ದೃಢೀಕರಣ ವಿಫಲವಾಯಿತೆಂದು ಅರ್ಹ ಕುಟುಂಬಕ್ಕೆ ಪಡಿತರ ನಿರಾಕರಿಸುವಂತಿಲ್ಲ. ಅಂತಹವರ ವಿವರವನ್ನು ಪ್ರತ್ಯೇಕವಾಗಿ ದಾಖಲಿಸಿ ಪಡಿತರ ನೀಡಬೇಕು. ಯಂತ್ರದ ಆರ್‌ಡಿ ಸರ್ವಿಸ್ ಅವಧಿ ಮುಗಿದಿರುವುದೂ ತಾಂತ್ರಿಕ ಕಾರಣವೇ. ಅಂಗಡಿಯಲ್ಲಿ ನಿರಾಕರಿಸಲ್ಪಟ್ಟವರು ತಾಲ್ಲೂಕು ಕಛೇರಿಯ ಆಹಾರ ಶಾಖೆಗೆ ಲಿಖಿತವಾಗಿ ತಿಳಿಸಬಹುದು ಅಥವಾ 1967 ಸಂಖ್ಯೆಗೆ ಕರೆ ಮಾಡಬಹುದು. ಲಿಖಿತ ಅರ್ಜಿಯಲ್ಲಿ ದಿನಾಂಕ ಹಾಗೂ ದೋಷಸಂಖ್ಯೆಯನ್ನು ಬರೆದಲ್ಲಿ ವಿಚಾರಣೆಗೆ ಅನುಕೂಲ.

ಬೀಡಿ ಉದ್ಯಮದಲ್ಲಿ ದುಡಿದು ನೌಕರರ ಪಿಂಚಣಿ ಯೋಜನೆಯಡಿ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕಾಗಿದೆ. ಇದನ್ನು ನವೆಂಬರ್ ತಿಂಗಳಲ್ಲೇ ಸಲ್ಲಿಸಬೇಕೆಂಬ ನಿಯಮ ಇವರಿಗಿಲ್ಲ. ವರ್ಷದ ಯಾವಾಗ ಸಲ್ಲಿಸಿದರೂ ಅಲ್ಲಿಂದ ಒಂದು ವರ್ಷ ಊರ್ಜಿತವಿರುತ್ತದೆ. ಬೆರಳು ಹೊಂದದವರಿಗೆ 2022ರಿಂದ ಮುಖ ಗುರುತಿಸುವಿಕೆಯ ಸೌಲಭ್ಯವಿದೆ. ಇದಕ್ಕೆ ಬೆರಳಚ್ಚು ಯಂತ್ರವೇ ಬೇಡ. ಮನೆಯವರ ಸ್ಮಾರ್ಟ್‌ಫೋನಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್‌ಗಳಿದ್ದರೆ ಸಾಕು. ಹಾಸಿಗೆ ಹಿಡಿದವರಿಗೆ ಅಂಚೆಯವರು ಶುಲ್ಕ ಪಡೆದು ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಅವಧಿ ಮುಗಿಯುವ ಕೊನೆಯ ವಾರದವರೆಗೆ ಕಾದು, ಆಗ ಯಂತ್ರ ಕೈಕೊಟ್ಟು, ಮುಂದಿನ ತಿಂಗಳ ಪಿಂಚಣಿ ನಿಂತುಹೋಗುವ ಸ್ಥಿತಿಯನ್ನು ತಂದುಕೊಳ್ಳಬಾರದು.

ಬ್ಯಾಂಕ್ ಮಿತ್ರರ ಬಳಿ ಬೆರಳು ಹೊಂದದ ಖಾತೆದಾರರು ಶಾಖೆಗೆ ಹೋಗಿ ಪಾಸ್‌ಪುಸ್ತಕದ ಮೂಲಕ ಹಣ ಪಡೆಯಬಹುದು. ಗೃಹಲಕ್ಷ್ಮಿ ಮುಂತಾದ ಯೋಜನೆಗಳ ಹಣ ಖಾತೆಗೆ ಜಮೆಯಾಗಲು ತಿಂಗಳು ತಿಂಗಳು ಬೆರಳು ಕೊಡಬೇಕಾಗಿಲ್ಲ; ಈ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆ ಇರುತ್ತದೆ.

ಕೇಂದ್ರ ನಡೆಸುವವರು ಗಮನಿಸಬೇಕಾದುದು

ಗ್ರಾಮ ಒನ್ ಕೇಂದ್ರಗಳು ಫ್ರಾಂಚೈಸಿ ಮಾದರಿಯಲ್ಲಿ ನಡೆಯುತ್ತವೆ. ಕೇಂದ್ರ ನಡೆಸುವವರಿಗೆ ಹೊಸ ಯಂತ್ರವೂ ಒಂದು ಹೊರೆಯೇ ಎಂಬುದು ನಿಜ. ಆದಾಗ್ಯೂ ಯಂತ್ರದ ಕ್ರಮಸಂಖ್ಯೆ, ಕೊಂಡ ದಿನಾಂಕ, ಆರ್‌ಡಿ ಸರ್ವಿಸ್ ಮುಗಿಯುವ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಒಂದು ತಿಂಗಳು ಮುಂಚಿತವಾಗಿ ನವೀಕರಿಸಿಕೊಳ್ಳುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಹಳೆಯ ಯಂತ್ರವನ್ನು ಕಡಿಮೆ ಬೆಲೆಗೆ ಕೊಳ್ಳುವವರು ಅದು ಎಲ್1 ದರ್ಜೆಯದೇ, ಅದಕ್ಕೆ ಸರ್ಕಾರದ ಎಸ್‌ಟಿಕ್ಯೂಸಿ ಪ್ರಮಾಣೀಕರಣ ಇದೆಯೇ ಎಂದು ನೋಡತಕ್ಕದ್ದು. ಕಂಪ್ಯೂಟರಿನ ಕಾರ್ಯಾಚರಣಾ ತಂತ್ರಾಂಶ ಹಳೆಯದಾಗಿದ್ದಲ್ಲಿ ಹೊಸ ಯಂತ್ರವೂ ಸರಿಯಾಗಿ ನಡೆಯದಿರಬಹುದು. ಬಳಕೆ ನಿಂತ ಯಂತ್ರಗಳನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು.

ಯಂತ್ರಗಳ ಬದಲಾವಣೆಯನ್ನು ಕಿರಿಕಿರಿ ಎಂದು ಭಾವಿಸುವವರು ಅದರ ಹಿನ್ನೆಲೆಯನ್ನೂ ತಿಳಿದಿರುವುದು ಒಳ್ಳೆಯದು. 2023ರಲ್ಲಿ ಮಂಗಳೂರು ಭಾಗದಲ್ಲಿ, ಆಸ್ತಿ ನೋಂದಣಿ ಮಾಡಿಸಿಕೊಂಡ ಕೆಲವರ ಬ್ಯಾಂಕ್ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾದ ಬಗ್ಗೆ ಪೊಲೀಸರಲ್ಲಿ ದೂರುಗಳು ದಾಖಲಾದವು. ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಲು ಸಾಧ್ಯವಿರುವುದರಿಂದ, ಬೆರಳು ಸಜೀವವಾದುದೇ ಎಂದು ಪರೀಕ್ಷಿಸುವ ಕ್ರಮವನ್ನು ಪ್ರಾಧಿಕಾರವು 2023ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಬೆರಳಚ್ಚನ್ನು ಪದೇ ಪದೇ ಬಳಸದವರು ಎಂಆಧಾರ್ ಆ್ಯಪ್ ಮೂಲಕ ಬಯೋಮೆಟ್ರಿಕ್ ಲಾಕ್ ಮಾಡಿಟ್ಟು, ಬೇಕಾದಾಗ ಮಾತ್ರ ತೆರೆಯಬಹುದು. ಹಾಗೆ ಮಾಡಿದವರು ಪಡಿತರಕ್ಕೆ ಹೋಗುವ ದಿನ ಅದನ್ನು ತೆರೆಯಲು ಮರೆಯಬಾರದು. ಮರೆತಲ್ಲಿ ಮೇಲೆ ಹೇಳಿದ 330 ಸಂಖ್ಯೆಯೇ ಬರುತ್ತದೆ.

ಆಧಾರ್ ದೃಢೀಕರಣದ ಕುರಿತ ದೂರುಗಳಿಗೆ ಪ್ರಾಧಿಕಾರದ ಸಹಾಯವಾಣಿ 1947. ಇಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಕರೆ ಮಾಡುವಾಗ ಒಟಿಪಿಯನ್ನು ಯಾರಿಗೂ ಹೇಳಬಾರದು.